ನಮ್ಮೂರಿನ ಬಿಯರಿಗೆ ಎಷ್ಟು ಅಂಕ?

ಬೆಂಗಳೂರಿನ ಕಿರು ಬ್ರೂವರಿಗಳ ಪೇಲ್ ಏಲ್ ಕುರಿತು ‘ನಮ್ಮೂರಿನ ಬಿಯರ್’ ಎಂಬ ಅಭಿಮಾನದ ಮಾತು ಕೇಳಿಬರುತ್ತದೆ. ಅಭಿಮಾನ ಸಹಜ, ಆದರೆ ಅದು ನಾಲಿಗೆಯ ಪರವಾಗಿ ತೀರ್ಪು ಕೊಡಲಾಗದು.

ರುಚಿ ನೋಡುವುದಕ್ಕೂ ಶಿಸ್ತು ಉಂಟು. ಅಮೆರಿಕದಲ್ಲಿ ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಬಿಜೆಸಿಪಿ ಸಂಸ್ಥೆಯ 50 ಅಂಕಗಳ ಪಟ್ಟಿಯಲ್ಲಿ ರುಚಿಗೆ 20, ಪರಿಮಳಕ್ಕೆ 12, ಒಟ್ಟು ಅನುಭವಕ್ಕೆ 10, ಬಾಯಲ್ಲಿ ತಿಳಿಯುವ ಮೈಕಟ್ಟಿಗೆ 5 ಮೀಸಲು. ನೋಟಕ್ಕೆ ಸಿಗುವುದು 3 ಅಂಕ ಮಾತ್ರ. ಲೋಟದ ಹೊಂಬಣ್ಣಕ್ಕೆ ಮರುಳಾಗುವವರು ಇದನ್ನು ಗಮನಿಸಬೇಕು. ನಾನಂತೂ ಮೊದಲು ಮೂಗನ್ನು ನಂಬುತ್ತೇನೆ. ಬೆಣ್ಣೆಯ ವಾಸನೆ ಬಂದರೆ ಸಾಮಾನ್ಯವಾಗಿ ಹುದುಗಿಗೆ ಸಾಕಷ್ಟು ಕಾಲಾವಕಾಶ ಸಿಕ್ಕಿಲ್ಲವೆಂದು ಅರ್ಥ. ಬೇಯಿಸಿದ ಮುಸುಕಿನ ಜೋಳದ ವಾಸನೆ ಕುದಿ ಸಾಲದ್ದರ ಸೂಚನೆ. ಬಿಯರನ್ನು ತೀರಾ ತಣ್ಣಗೆ ಕೊಟ್ಟರೆ ದೋಷಗಳ ಜೊತೆಗೆ ಹಾಪ್ಸ್ ಹೂವಿನ ಕಂಪೂ ಅಡಗಿಬಿಡುತ್ತದೆ.

ಕ್ಯಾಲಿಫೋರ್ನಿಯಾದ ಚಿಕೋ ಪಟ್ಟಣದ ಸಿಯೆರಾ ನೆವಾಡಾ ಬ್ರೂವರಿ 1980ರಲ್ಲಿ ತನ್ನ ಪೇಲ್ ಏಲ್ ತಯಾರಿಸಿದಾಗ ನೆಚ್ಚಿಕೊಂಡದ್ದು, ನೆರೆಯ ಆರೆಗಾನ್‌ನಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾಗಿದ್ದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯನ್ನು. ಅದರ ಕಂಪು ಚಕ್ಕೋತದ ಸಿಪ್ಪೆಯನ್ನು ನೆನಪಿಸುತ್ತದೆ. ಅಲ್ಲಿ ಪ್ರಾದೇಶಿಕತೆ ಲೋಟದೊಳಗೇ ಇತ್ತು.

ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಮಾನ್ಯತೆಯಿದೆ. ನಗರದ ಸುತ್ತ ರಾಗಿ ಬೆಳೆಯುತ್ತದೆ. ಹೊರದೇಶದ ಹಾಪ್ಸ್ ಬಳಸುವುದು ತಪ್ಪೇನಲ್ಲ. ಆದರೆ ‘ನಮ್ಮೂರಿನದು’ ಎಂಬ ಮಾತು ಫಲಕದಲ್ಲಷ್ಟೇ ಉಳಿದರೆ ಅದಕ್ಕೆ ಅಂಕವಿಲ್ಲ. ಹೆಸರು ಮರೆಮಾಡಿದ ಲೋಟದಲ್ಲಿ ಗೆದ್ದ ಬಿಯರೇ ಊರಿನ ಗೌರವ ಕಾಯಬಲ್ಲದು. ದಾಕ್ಷಿಣ್ಯದ ಹೊಗಳಿಕೆಯಿಂದ ಯಾವ ತಯಾರಕನೂ ಕಲಿಯಲಾರ.