ಒಂದು ಮಿಲಿಲೀಟರ್ ಔಷಧ, 76 ಲಕ್ಷ ಗುಳ್ಳೆ

ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರ್. ಅಷ್ಟು ದೂರ ನಡೆದೇ ಹೋದರೆ, ಹೆಜ್ಜೆಗೆ ಎರಡೂವರೆ ಅಡಿ ಹಿಡಿದರೂ, 34 ಸಾವಿರ ಹೆಜ್ಜೆ. ಅಂದರೆ ಒಂದೊಂದು ಕಾಲಿನ ಮೀನಖಂಡ 17 ಸಾವಿರ ಸಲ ಬಿಗಿದು ಸಡಿಲಗೊಳ್ಳುತ್ತದೆ. ಪ್ರತಿ ಸಲ ಬಿಗಿದಾಗಲೂ ತನ್ನೊಳಗಿನ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಎದೆಯ ಕಡೆಗೆ ತಳ್ಳುತ್ತದೆ. ನಡೆಯುವವರಿಗೆ ಇದರ ಅರಿವೇ ಇರುವುದಿಲ್ಲ.

ಅದೇ ಬೆಳಗಾವಿಯ ವಡಗಾವಿ, ಖಾಸಬಾಗದ ಪವರ್‌ಲೂಮ್ ಮುಂದೆ ಪಾಳಿಯುದ್ದಕ್ಕೂ ನಿಲ್ಲುವ ನೇಕಾರರ ಕಾಲಿಗೆ ಮೀನಖಂಡದ ಈ ಪಂಪಿನ ನೆರವು ಸಿಗುವುದು ಅಪರೂಪ. ಅಡುಗೆಮನೆಯ ಕಟ್ಟೆಯ ಮುಂದೆ, ಹೋಟೆಲಿನ ಒಲೆಯ ಮುಂದೆ, ಶಾಲೆಯ ಕರಿಹಲಗೆಯ ಮುಂದೆ ನಿಲ್ಲುವವರ ಕಥೆಯೂ ಅಷ್ಟೇ. ಸುಮ್ಮನೆ ನಿಂತಾಗ ಪಾದದ ಬಳಿ ರಕ್ತವನ್ನು ಮೇಲಕ್ಕೊಯ್ಯುವ ನಾಳದಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಲೆಕ್ಕ ಹಾಕಿದರೆ ಅದು 115 ಸೆಂಟಿಮೀಟರ್ ಎತ್ತರದ ರಕ್ತದ ಕಂಬದ ಭಾರ. ಹಿಮ್ಮಡಿಯಿಂದ ಹೃದಯದವರೆಗಿನ ಎತ್ತರವೂ ಹತ್ತಿರಹತ್ತಿರ ಅಷ್ಟೇ. ನಡೆಯಲು ಶುರುಮಾಡಿದರೆ ಆರೋಗ್ಯವಂತರ ಕಾಲಿನಲ್ಲಿ ಅದೇ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅಷ್ಟುದ್ದದ ದಾರಿಯೂ ಇಳಿಜಾರು. ಕಾಲಿನ ರಕ್ತಕ್ಕೆ ಆ ಭಾಗ್ಯವಿಲ್ಲ. ಹೃದಯ ದಿನಕ್ಕೆ ಸುಮಾರು 7,200 ಲೀಟರ್ ರಕ್ತ ಪಂಪು ಮಾಡುತ್ತದೆ. ಅದರಲ್ಲಿ ಕಾಲಿಗಿಳಿದ ಪಾಲೆಲ್ಲ ಮತ್ತೆ ಏರಿಯೇ ಹೋಗಬೇಕು. ಏರಿದ್ದು ಜಾರದಂತೆ ಹಿಡಿಯುವುದು ನಾಳದೊಳಗಿನ ಕವಾಟಗಳು. ಪಾದದಿಂದ ತೊಡೆಸಂದಿಯವರೆಗೆ ಚರ್ಮದಡಿ ಸಾಗುವ, ದೇಹದಲ್ಲೇ ಅತಿ ಉದ್ದದ ರಕ್ತನಾಳದಲ್ಲಿ ಇಂಥವು ಸುಮಾರು ಹತ್ತು. ಒಂದು ಸೋತರೆ ಅದರ ಭಾರ ಕೆಳಗಿನದರ ಮೇಲೆ. ನಾಳ ಹಿಗ್ಗಿದಂತೆ ಉಳಿದ ಕವಾಟಗಳ ಅಂಚುಗಳೂ ಒಂದಕ್ಕೊಂದು ಕೂಡುವುದಿಲ್ಲ. ಹಸಿರು-ನೀಲಿ ಗಂಟುಗಳು ಸುರುಳಿಯಾಗಿ ಏಳುತ್ತವೆ, ಸಂಜೆಗೆ ಪಾದ ಬಾಯುತ್ತದೆ, ಹರಡಿನ ಒಳಬದಿಯ ಚರ್ಮ ಕಂದಾಗುತ್ತದೆ. ಕೊನೆಗೆ ಅಲ್ಲೇ ಮಾಯದ ಹುಣ್ಣು. ಜನ ಇದನ್ನು 'ನರ ಉಬ್ಬಿದೆ' ಎಂದು ವರ್ಷಗಟ್ಟಲೆ ಸಹಿಸುತ್ತಾರೆ.

ಇಷ್ಟು ದೊಡ್ಡ ತೊಂದರೆಗೆ ಇಂಜೆಕ್ಷನ್ನಿನ ಉತ್ತರ ಎಷ್ಟು ಚಿಕ್ಕದು ನೋಡಿ. ಫ್ರಾನ್ಸಿನ ಪ್ರವಾಜ್ ಮತ್ತು ಸ್ಕಾಟ್ಲೆಂಡಿನ ವುಡ್ 1853ರಲ್ಲಿ ಸಿರಿಂಜು, ಸೂಜಿಗಳನ್ನು ಬಳಕೆಗೆ ತಂದ ಕಾಲದಿಂದಲೂ ಉಬ್ಬಿದ ನಾಳಕ್ಕೆ ಔಷಧ ಚುಚ್ಚುವ ಯತ್ನ ನಡೆದೇ ಇತ್ತು. ತೊಡಕೆಂದರೆ, ದ್ರವ ರಕ್ತದಲ್ಲಿ ಬೆರೆತು ತೆಳುವಾಗಿ ಬಲ ಕಳೆದುಕೊಳ್ಳುತ್ತಿತ್ತು. 2000ದಲ್ಲಿ ಇಟಲಿಯ ವೈದ್ಯ ಲೊರೆಂಜೊ ತೆಸ್ಸಾರಿ ತೋರಿಸಿದ ಸರಳ ವಿಧಾನ ಅದನ್ನು ನೀಗಿತು. ಒಂದು ಸಿರಿಂಜಿನಲ್ಲಿ 1 ಮಿಲಿಲೀಟರ್ ಔಷಧ, ಇನ್ನೊಂದರಲ್ಲಿ 4 ಮಿಲಿಲೀಟರ್ ಗಾಳಿ, ನಡುವೆ ಮೂರು ಬಾಯಿಯ ಪುಟ್ಟ ನಲ್ಲಿ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಇಪ್ಪತ್ತು ಸಲ ತಳ್ಳಿದರೆ ಬಿಳಿ ನೊರೆ ಸಿದ್ಧ. ಅದನ್ನು ಇಟ್ಟುಕೊಂಡು ಕೂರುವಂತಿಲ್ಲ, ನಿಮಿಷದೊಳಗೆ ಒಡೆಯತೊಡಗುತ್ತದೆ. ವೈದ್ಯರು ಅಲ್ಟ್ರಾಸೌಂಡ್ ಪರದೆ ನೋಡುತ್ತಲೇ ಚುಚ್ಚುತ್ತಾರೆ. ಕಪ್ಪಗೆ ಕಾಣುತ್ತಿದ್ದ ನಾಳದೊಳಗೆ ನೊರೆ ಹೊಳೆಯುವ ಬಿಳಿಯಾಗಿ ಮುಂದುವರಿಯುತ್ತದೆ.

ಗುಳ್ಳೆಯೊಂದರ ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದುಕೊಳ್ಳೋಣ. ಆಗ ಆ 4 ಮಿಲಿಲೀಟರ್ ಗಾಳಿಯಿಂದ 76 ಲಕ್ಷ ಗುಳ್ಳೆಗಳಾಗುತ್ತವೆ. ಅವುಗಳ ಹೊರಮೈ ಒಟ್ಟು 2,400 ಚದರ ಸೆಂಟಿಮೀಟರ್. ದಿನಪತ್ರಿಕೆಯ ಒಂದಿಡೀ ಪುಟಕ್ಕಿಂತ ಹೆಚ್ಚು. ಅಷ್ಟೂ ಮೈಗೆ ಔಷಧದ ತೆಳುಪದರ ಅಂಟಿರುತ್ತದೆ. 5 ಮಿಲಿಮೀಟರ್ ಅಗಲದ ನಾಳದಲ್ಲಿ 1 ಮಿಲಿಲೀಟರ್ ದ್ರವ ತುಂಬುವುದು 5 ಸೆಂಟಿಮೀಟರ್ ಉದ್ದ ಮಾತ್ರ. ನೊರೆಯಾದರೆ 25 ಸೆಂಟಿಮೀಟರ್, ಅದೂ ರಕ್ತವನ್ನು ಪಕ್ಕಕ್ಕೆ ಸರಿಸಿ. ಶೇ. 3ರ ದ್ರಾವಣವಾದರೂ ಅದರಲ್ಲಿರುವ ಔಷಧ 30 ಮಿಲಿಗ್ರಾಂ ಅಷ್ಟೆ!

ಹೀಗೆ ಚುಚ್ಚುವ ಔಷಧಗಳಾದ ಪೊಲಿಡೊಕೆನಾಲ್ ಆಗಲಿ, ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಆಗಲಿ, ಮಾರ್ಜಕದ ಗುಣದವು. ನಾಳದ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪೊರೆಯಿದೆ. ಔಷಧ ಅದನ್ನು ಕಿತ್ತುಹಾಕುತ್ತದೆ. ನಾಳ ಸೆಟೆದು ಮುದುಡುತ್ತದೆ, ಗೋಡೆಗಳು ಅಂಟಿಕೊಳ್ಳುತ್ತವೆ, ತಿಂಗಳುಗಳಲ್ಲಿ ಅದು ಎಳೆಯಂತಾಗಿ ಒಣಗುತ್ತದೆ. ಹಾಗಾದರೆ ರಕ್ತದ ಗತಿ? ಕಾಲಿನ ರಕ್ತದ ಸುಮಾರು ಶೇ. 90 ಪಾಲನ್ನು ಮೇಲಕ್ಕೊಯ್ಯುವುದು ಸ್ನಾಯುಗಳ ನಡುವಿನ ಆಳದ ನಾಳಗಳು. ಅವು ಸರಿಯಿದ್ದರೆ ಕೆಟ್ಟ ಮೇಲ್ನಾಳ ಮುಚ್ಚಿದ್ದರಿಂದ ಕಾಲಿಗೆ ನಷ್ಟವಿಲ್ಲ, ಲಾಭವೇ.

ಎಲ್ಲರಿಗೂ ಇದೇ ಮದ್ದಲ್ಲ. ದೊಡ್ಡ ನಾಳವೇ ಕೆಟ್ಟಿದ್ದರೆ ಮೊದಲು ಲೇಸರ್ ಅಥವಾ ರೇಡಿಯೋ ತರಂಗದ ಶಾಖ, ಅದಾಗದಿದ್ದರೆ ನೊರೆ, ಅದೂ ಆಗದಿದ್ದರೆ ಶಸ್ತ್ರಚಿಕಿತ್ಸೆ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ಕ್ರಮ ಹೇಳಿದೆ. ಒಂದು ಸಲಕ್ಕೆ 10 ಮಿಲಿಲೀಟರಿಗಿಂತ ಹೆಚ್ಚು ನೊರೆ ಬೇಡ ಎಂಬುದು ಯುರೋಪಿನ ತಜ್ಞರ ಮಿತಿ. ಚರ್ಮದ ಮೇಲೆ ಕಂದು ಗುರುತು ಉಳಿಯಬಹುದು, ಅಪರೂಪಕ್ಕೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ವರ್ಷಗಳ ಮೇಲೆ ಬೇರೆ ನಾಳ ಉಬ್ಬಬಹುದು. ಗರ್ಭಿಣಿಯರಿಗೆ ಇದನ್ನು ಮಾಡುವುದಿಲ್ಲ. ಚುಚ್ಚಿಸಿಕೊಂಡ ಮೇಲೆ ಬಿಗಿ ಸ್ಟಾಕಿಂಗ್ಸ್ ಹಾಕಿ ನಡೆದಾಡಿಸುತ್ತಾರೆ, ಮಲಗಿಸುವುದಿಲ್ಲ.

ಎಲ್ಲಕ್ಕೂ ಮೊದಲು ಆಗಬೇಕಾದದ್ದು ಕಲರ್ ಡಾಪ್ಲರ್ ಪರೀಕ್ಷೆ. ಯಾವ ಕವಾಟ ಸೋತಿದೆ, ಆಳದ ನಾಳ ತೆರೆದಿದೆಯೇ ಎಂದು ಹೇಳುವುದು ಅದೇ. ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆಯಿದೆ, ನೆಹರೂನಗರದಲ್ಲಿ 1963ರಿಂದ ವೈದ್ಯರನ್ನು ತಯಾರು ಮಾಡುತ್ತಿರುವ ಜೆಎನ್‌ಎಂಸಿ ಇದೆ. ಮನೆಯಲ್ಲಿ ಯಾರ ಹರಡಿನ ಒಳಬದಿಯಾದರೂ ಕಪ್ಪಾಗಿದ್ದರೆ ಮುಲಾಮು ಹಚ್ಚುತ್ತ ಹುಣ್ಣಾಗುವವರೆಗೆ ಕಾಯಬೇಡಿ, ಈ ವಾರವೇ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದು ತೋರಿಸಿ.