ಹೆದರಿಕೆ ಕಾಯಿಲೆಯಾಗುವುದು ಯಾವಾಗ?

ದರೋಜಿ ಕರಡಿಧಾಮದ ಆಸುಪಾಸಿನ ಕಲ್ಲುಗುಡ್ಡಗಳು, 1994ರಲ್ಲಿ ಧಾಮ ಘೋಷಣೆಯಾಗುವುದಕ್ಕೂ ಬಹು ಹಿಂದಿನಿಂದ ಕರಡಿಗಳ ಬೀಡು. ಗೆದ್ದಲು, ಜೇನು, ಕಾಡುಹಣ್ಣು ಅರಸಿ ಮುಸ್ಸಂಜೆ ಕೆಳಗಿಳಿಯುವ ಕರಡಿ ಹಠಾತ್ತನೆ ಎದುರಾದರೆ ಮೇಲೆ ಬೀಳುವುದುಂಟು. ಹಾಗಾಗಿ ಗಾದಿಗನೂರು ಕಡೆಯ ರೈತ ಕತ್ತಲಾದ ಮೇಲೆ ಒಂಟಿಯಾಗಿ ಹೊಲಕ್ಕೆ ಹೋಗಲು ಹಿಂಜರಿದರೆ ಅವನನ್ನು ಪುಕ್ಕಲನೆನ್ನಲಾಗದು. ಅದು ವಿವೇಕ.

ಅದೇ ರೈತ ಮಟಮಟ ಮಧ್ಯಾಹ್ನವೂ ಹೊಲದತ್ತ ಸುಳಿಯದೆ, ಮಗುವಿನ ಪಠ್ಯಪುಸ್ತಕದಲ್ಲಿ ಕರಡಿಯ ಚಿತ್ರ ಕಂಡರೂ ಎದೆ ಹೊಡೆದುಕೊಂಡು ಬೆವರತೊಡಗಿದರೆ? ಅಪಾಯ ಹೆಚ್ಚಿಲ್ಲ, ಹೆದರಿಕೆ ಮಾತ್ರ ಅಳತೆ ಮೀರಿದೆ. ಇದನ್ನೇ ವೈದ್ಯರು ಫೋಬಿಯಾ ಎನ್ನುತ್ತಾರೆ. ಸಾಮಾನ್ಯವಾಗಿ 6 ತಿಂಗಳಾದರೂ ಬಿಡದ ಭಯ, ಅದರಿಂದ ತಪ್ಪಿಸಿಕೊಳ್ಳಲು ದುಡಿಮೆ, ಓದು, ನೆಂಟಸ್ತಿಕೆಗಳನ್ನೇ ಕೈಬಿಡುವಂತಾದದ್ದು ಇದರ ಗುರುತು.

ತನ್ನ ಭಯ ಅತಿಯಾಯಿತೆಂದು ರೋಗಿಯೇ ಒಪ್ಪಬೇಕೆಂಬ ನಿಯಮ ಹಿಂದೆ ಇತ್ತು. ಅಮೆರಿಕದ ಮನೋವೈದ್ಯರ ಸಂಘ 2013ರ ಕೈಪಿಡಿಯಲ್ಲಿ ಅದನ್ನು ಕೈಬಿಟ್ಟಿತು. ನಿಜವಾದ ಅಪಾಯವನ್ನೂ ಆ ಸಮಾಜದ ನಂಬಿಕೆಗಳನ್ನೂ ತೂಗಿ ವೈದ್ಯರೇ ನಿರ್ಧರಿಸಬೇಕು. ಇದು ಒಳ್ಳೆಯದೇ ಆಯಿತು. ಇಲ್ಲವಾದರೆ ನಾಗರ ಪಂಚಮಿಯಂದು ಹುತ್ತಕ್ಕೆ ಹಾಲೆರೆದು ದೂರದಿಂದಲೇ ಕೈಮುಗಿಯುವವರೆಲ್ಲ ರೋಗಿಗಳೆನಿಸಿಕೊಳ್ಳಬೇಕಾಗುತ್ತಿತ್ತು!

ರಕ್ತ ಮತ್ತು ಸೂಜಿಯ ಭಯ ಮಾತ್ರ ಬೇರೆ ಜಾತಿಯದು. ಮಿಕ್ಕ ಭಯಗಳಲ್ಲಿ ರಕ್ತದೊತ್ತಡ ಏರಿದರೆ ಇಲ್ಲಿ ಮೊದಲು ಏರಿ ಆಮೇಲೆ ಥಟ್ಟನೆ ಕುಸಿಯುತ್ತದೆ, ಮನುಷ್ಯ ತಲೆತಿರುಗಿ ಬೀಳುತ್ತಾನೆ. ಹಾವು ಕಚ್ಚಿದವನಿಗೆ ಕೊಡುವ ಔಷಧಿಯೂ ಸೂಜಿಯ ಮೂಲಕವೇ. ಸೂಜಿಗೆ ಹೆದರಿ ಆಸ್ಪತ್ರೆ ತಪ್ಪಿಸಿದರೆ ಜೀವಕ್ಕೇ ಸಂಚಕಾರ.

ಫೋಬಿಯಾಕ್ಕೆ ಮಾತ್ರೆಗಿಂತ ಹೆಚ್ಚು ಫಲ ಕೊಡುವುದು ಅಭ್ಯಾಸ. ಮೊದಲು ಕರಡಿಯ ಮಾತು, ಬಳಿಕ ಚಿತ್ರ, ಆಮೇಲೆ ಚಲನಚಿತ್ರ, ಕೊನೆಗೆ ದರೋಜಿಯ ವೀಕ್ಷಣಾ ಗೋಪುರದಿಂದ ನೋಟ. ಪ್ರತಿ ಮೆಟ್ಟಿಲಲ್ಲೂ ಎದೆಬಡಿತ ಇಳಿಯುವವರೆಗೆ ನಿಲ್ಲಬೇಕು. ಬಲವಂತವಾಗಿ ಎಳೆದೊಯ್ದರೆ ಭಯ ಇನ್ನಷ್ಟು ಬೇರೂರೀತು.

ಮನೋವೈದ್ಯವನ್ನು ಹಳ್ಳಿಗೆ ತರುವ ಪ್ರಯೋಗ ಈ ಸೀಮೆಯಲ್ಲೇ ನಡೆದದ್ದೆಂಬುದು ಹಲವರಿಗೆ ತಿಳಿಯದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಹೊಸಪೇಟೆ ಆಗ ಬಳ್ಳಾರಿಗೇ ಸೇರಿತ್ತು. ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಬಳ್ಳಾರಿಯ ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2022ರಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ: 14416ಕ್ಕೆ ಹಗಲಿರುಳು ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.