ಬಳ್ಳಿಗಾವೆಯ ದಾಸೋಜ ಮತ್ತು ಲಿಂಕ್ಡ್‌ಇನ್ ಯುಗದ ಉದ್ಯೋಗಾರ್ಥಿ

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರ ಚೆಲುವನ್ನು ಕತ್ತೆತ್ತಿ ನೋಡುವವರು ಅಸಂಖ್ಯ. ಅವರ ಪಾದದಡಿಯ ಅಕ್ಷರಗಳನ್ನು ಗಮನಿಸುವವರು ಕಡಿಮೆ. 1117ರಲ್ಲಿ ಪ್ರತಿಷ್ಠೆಗೊಂಡ ಈ ದೇಗುಲದ ಕೆಲವು ವಿಗ್ರಹಗಳ ಮೇಲೆ ಶಿಲ್ಪಿಗಳು ತಮ್ಮ ಹೆಸರನ್ನು ಕಂಡರಿಸಿದ್ದಾರೆ. ಅವರಲ್ಲಿ ಪ್ರಮುಖರು ದಾಸೋಜ ಮತ್ತು ಅವನ ಮಗ ಚಾವಣ. ದಾಸೋಜನ ಊರು ಬಳ್ಳಿಗ್ರಾಮ, ಅಂದರೆ ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಹೆಸರು, ತಂದೆಯ ಹೆಸರು, ಊರು, ಜೊತೆಗೆ ಪ್ರತಿಸ್ಪರ್ಧಿ ರೂವಾರಿಗಳನ್ನು ಕೆಣಕುವಂಥ ಬಿರುದುಗಳು: ಇಷ್ಟನ್ನೂ ಅವರು ಬರೆದದ್ದು ಅಂಗೈ ಅಗಲದ ಜಾಗದಲ್ಲಿ. ಮೇಲೆ ಕೃತಿ, ಕೆಳಗೆ ಕರ್ತೃವಿನ ಹೆಸರು. ನೋಡಿದವನಿಗೆ ಬೇರೆ ಪುರಾವೆ ಬೇಕಿರಲಿಲ್ಲ.

ಅದೇ ಶಿಕಾರಿಪುರದಿಂದಲೂ ಪಕ್ಕದ ಸೊರಬದಿಂದಲೂ ಪ್ರತಿವರ್ಷ ಪದವೀಧರ ತರುಣ ತರುಣಿಯರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹತ್ತುವ ಮುನ್ನ ಮೊಬೈಲಿನಲ್ಲಿ ಲಿಂಕ್ಡ್‌ಇನ್ ಖಾತೆಯೊಂದನ್ನು ತೆರೆಯುವುದು ಈಗ ವಾಡಿಕೆ. 2003ರಲ್ಲಿ ಅಮೆರಿಕದಲ್ಲಿ ಆರಂಭವಾಗಿ, 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಪಾಲಾದ ಈ ಜಾಲತಾಣದ ಸದಸ್ಯರ ಸಂಖ್ಯೆ 2023ರಲ್ಲಿ ನೂರು ಕೋಟಿ ದಾಟಿತು. ಆ ಜನಜಂಗುಳಿಯಲ್ಲಿ ಸೊರಬದ ಹುಡುಗಿಯೊಬ್ಬಳನ್ನು ಯಾರಾದರೂ ಗುರುತಿಸುವುದು ಹೇಗೆ?

ಇಂಥ ಖಾತೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರವಲು ಇಂಗ್ಲಿಷಿನ ನಾಲ್ಕು ಸಾಲು: ತಾನು ಶ್ರಮಜೀವಿ, ಉತ್ಸಾಹಿ, ತಂಡದೊಡನೆ ಬೆರೆಯಬಲ್ಲವ, ಸವಾಲಿನ ಅವಕಾಶಕ್ಕಾಗಿ ಕಾಯುತ್ತಿರುವವ. ಇದು ಸುಳ್ಳೇನಲ್ಲ. ಆದರೆ ನೌಕರಿ ಕೊಡುವವರು ಇಂಥ ಗುಣವಾಚಕಗಳನ್ನು ಹುಡುಕುವುದಿಲ್ಲ. ಅವರು ಹುಡುಕುವುದು ಕೆಲಸದ ಹೆಸರನ್ನು, ಬಳಸಬಲ್ಲ ತಂತ್ರಾಂಶದ ಹೆಸರನ್ನು, ಊರಿನ ಹೆಸರನ್ನು. ಶಿಕಾರಿಪುರದಲ್ಲಿ ಬಿ.ಕಾಂ. ಓದುತ್ತಲೇ ಸಂಜೆ ಹೊತ್ತು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದ ಹುಡುಗನನ್ನು ಊಹಿಸಿಕೊಳ್ಳಿ. ಬೆಳೆಗಾರರ ಖಾತೆ, ಮುಂಗಡ, ಬಡ್ಡಿ, ತೂಕದ ಚೀಟಿ, 2017ರಿಂದೀಚೆಗೆ ಜಿಎಸ್‌ಟಿ ವಿವರ ಎಲ್ಲವನ್ನೂ ಟ್ಯಾಲಿಯಲ್ಲಿ ನಿಭಾಯಿಸಬಲ್ಲವನು ಅವನು. ಆದರೂ ಖಾತೆಯಲ್ಲಿ ತನ್ನನ್ನು ‘ಫ್ರೆಶರ್’ ಎಂದು ಕರೆದುಕೊಳ್ಳುತ್ತಾನೆ. ಮಂಡಿಯ ದುಡಿಮೆಯನ್ನು ಅನುಭವವೆಂದು ಹೇಳಿಕೊಳ್ಳಲು ಅವನಿಗೆ ಸಂಕೋಚ. ಹೆಸರಿನ ಕೆಳಗೆ 220 ಅಕ್ಷರಗಳಷ್ಟು ಜಾಗವನ್ನು ಆ ತಾಣ ಕೊಡುತ್ತದೆ. ‘ಎರಡು ವರ್ಷ ಅಡಿಕೆ ಮಂಡಿಯ ಲೆಕ್ಕಪತ್ರ, ಟ್ಯಾಲಿ, ಜಿಎಸ್‌ಟಿ ವಿವರ ಸಲ್ಲಿಕೆ, ಬೆಂಗಳೂರಿಗೆ ಬರಲು ಸಿದ್ಧ’ ಎಂದು ಇಂಗ್ಲಿಷಿನಲ್ಲಿ ಬರೆದರೂ ಅದರಲ್ಲಿ ಅರ್ಧ ಜಾಗ ಉಳಿಯುತ್ತದೆ.

ಎರಡನೆಯ ತಪ್ಪು ಸಂಪರ್ಕಗಳದ್ದು. ನಮ್ಮಲ್ಲಿ ಕೆಲಸ ಕೇಳುವುದೆಂದರೆ ಸೋದರಮಾವನನ್ನು ಕೇಳುವುದು, ಇಲ್ಲವೇ ರಾಜಕಾರಣಿಯ ಮನೆಯ ಮುಂದೆ ಕಾಯುವುದು. ಇಬ್ಬರು ಮುಖ್ಯಮಂತ್ರಿಗಳನ್ನು, ಸೊರಬದಿಂದ ಎಸ್. ಬಂಗಾರಪ್ಪನವರನ್ನೂ ಶಿಕಾರಿಪುರದಿಂದ ಬಿ.ಎಸ್. ಯಡಿಯೂರಪ್ಪನವರನ್ನೂ ಕೊಟ್ಟ ತಾಲ್ಲೂಕುಗಳಲ್ಲಿ ಈ ಎರಡನೆಯ ಅಭ್ಯಾಸ ತುಸು ಹೆಚ್ಚೇ ಇದ್ದರೆ ಆಶ್ಚರ್ಯವಿಲ್ಲ. ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬೇರೊಂದು ಮಾತು ಹೇಳಿದರು. ನಮ್ಮ ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ; ಹೊಸ ಕೆಲಸದ ಸುದ್ದಿ ಬರುವುದು ಅಷ್ಟಾಗಿ ಬಳಕೆಯಿಲ್ಲದ ಪರಿಚಯಸ್ಥರಿಂದ. ಲಿಂಕ್ಡ್‌ಇನ್ನಿನ ಎರಡು ಕೋಟಿಗೂ ಹೆಚ್ಚು ಸದಸ್ಯರ ಐದು ವರ್ಷಗಳ ಮಾಹಿತಿಯನ್ನು ಪರೀಕ್ಷಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಈ ಮಾತನ್ನು ಹೆಚ್ಚುಕಡಿಮೆ ಎತ್ತಿಹಿಡಿಯಿತು, ಒಂದು ತಿದ್ದುಪಡಿಯೊಂದಿಗೆ: ತೀರಾ ಆಪ್ತರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದ, ನಡುವಿನವರೇ ಹೆಚ್ಚು ಉಪಕಾರಿಗಳು.

ಈ ನಡುವಿನವರು ಯಾರು? ಕಾಲೇಜಿನಲ್ಲಿ ಮೂರು ವರ್ಷ ಮುಂದಿದ್ದು ಈಗ ಪುಣೆಯಲ್ಲಿರುವ ಹಿರಿಯ ವಿದ್ಯಾರ್ಥಿನಿ. ಆನವಟ್ಟಿಯ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರ ಮಗ. ಶಿರಾಳಕೊಪ್ಪದ ಅಂಗಡಿಗೆ ಯಂತ್ರ ಮಾರಲು ಬರುತ್ತಿದ್ದ ಕಂಪೆನಿಯ ಪ್ರತಿನಿಧಿ. ಐನೂರು ಅಪರಿಚಿತರಿಗೆ ಕೋರಿಕೆ ಕಳುಹಿಸುವ ಬದಲು ಇಂಥ ಮೂವತ್ತು ಜನರಿಗೆ ಬರೆಯುವುದು ಲೇಸು. ‘ಸರ್, ಎನಿ ಜಾಬ್’ ಎಂಬ ಮೂರು ಪದಗಳ ಪತ್ರಕ್ಕೆ ಉತ್ತರ ಬರುವುದಿಲ್ಲ. ‘ಅಕ್ಕ, ನಾನು ನಿಮ್ಮದೇ ಕಾಲೇಜಿನವಳು, ನಿಮ್ಮ ಸಂಸ್ಥೆಯಲ್ಲಿ ಲೆಕ್ಕವಿಭಾಗಕ್ಕೆ ಜನರನ್ನು ತೆಗೆದುಕೊಳ್ಳುವಾಗ ಯಾವ ಪರೀಕ್ಷೆ ಮಾಡುತ್ತಾರೆ?’ ಎಂದು ಕೇಳಿದರೆ ಬರಬಹುದು. ಕೆಲಸ ಕೇಳಿದರೆ ಜನ ಮುಜುಗರಪಡುತ್ತಾರೆ. ಗೊತ್ತಿರುವ ವಿಷಯ ಕೇಳಿದರೆ ಹಿಗ್ಗುತ್ತಾರೆ.

ನೌಕರಿ ಬೇಡದೆ ಗಿರಾಕಿ ಬೇಕಾದವರ ಕಥೆ ಬೇರೆ. ಸೊರಬವೆಂದರೆ ಗುಡಿಗಾರರ ಊರು. ಸಾಗರ, ಸೊರಬ, ಶಿರಸಿ, ಹೊನ್ನಾವರಗಳ ಸೀಮೆಯಲ್ಲಿ ಹರಡಿರುವ ಈ ಕುಟುಂಬಗಳು ಗಂಧದ ಕೆತ್ತನೆಗೂ ಬೆಂಡಿನ ಬಾಸಿಂಗಕ್ಕೂ ಹೆಸರಾದವು. ಗಂಧದ ಅಂಗೈಯಗಲದ ಪೆಟ್ಟಿಗೆಯ ಮೇಲೆ ಬಳ್ಳಿ, ಹೂವು, ಆನೆ, ದೇವತೆಗಳನ್ನು ತುಂಬಿಸುವ ಕೈಚಳಕ ಅವರದು. ಆದರೆ ಪೆಟ್ಟಿಗೆ ಮಾರಾಟವಾಗುವುದು ಅಂಗಡಿಯ ಹೆಸರಿನಲ್ಲಿ. ದಾಸೋಜನಿಗೆ ಸಂದ ಮರ್ಯಾದೆ ಗುಡಿಗಾರನಿಗೆ ಸಂದದ್ದು ಅಪರೂಪ. ಗಂಧದ ಅಭಾವ, ಬೆಲೆ ಏರಿಕೆ, ಮಕ್ಕಳು ಉಳಿ ಬಿಟ್ಟು ಬೇರೆ ಕಸುಬು ಹಿಡಿಯುತ್ತಿರುವುದು ಎಲ್ಲ ನಿಜ. ಅದರೊಡನೆ ಈ ಅನಾಮಿಕತೆಯೂ ಕಸುಬನ್ನು ಸೊರಗಿಸಿದೆ. ಹೆಸರಿಲ್ಲದವನಿಗೆ ಬೆಲೆ ಹೇಳುವ ಅಧಿಕಾರವಿಲ್ಲ.

ಇಲ್ಲಿ ಜಾಲತಾಣ ನಿಜಕ್ಕೂ ಉಪಯೋಗಕ್ಕೆ ಬರಬಲ್ಲದು, ಎಲ್ಲ ಸರಕಿಗೂ ಅಲ್ಲ. ಬಾಸಿಂಗ ಬೇಕಾದ ಮದುವೆ ಮನೆಯವರು ಲಿಂಕ್ಡ್‌ಇನ್ ನೋಡುವುದಿಲ್ಲ. ಅವರಿಗೆ ವಾಟ್ಸ್ಆ್ಯಪ್ ಸಾಕು, ಹೆಚ್ಚೆಂದರೆ ಇನ್‌ಸ್ಟಾಗ್ರಾಂ. ಲಿಂಕ್ಡ್‌ಇನ್ನಿನಲ್ಲಿ ಇರುವವರು ವಾಸ್ತುಶಿಲ್ಪಿಗಳು, ಒಳಾಂಗಣ ವಿನ್ಯಾಸಕರು, ಹೋಟೆಲುಗಳ ಖರೀದಿ ವಿಭಾಗದವರು, ಅತಿಥಿಗಳಿಗೆ ಸ್ಮರಣಿಕೆ ಹುಡುಕುವ ಕಂಪೆನಿಗಳ ಅಧಿಕಾರಿಗಳು. ಇವರಿಗೆ ಮುಗಿದ ವಿಗ್ರಹದ ಒಂದು ಚಿತ್ರ ತೋರಿಸಿದರೆ ಸಾಲದು. ಮರದ ತುಂಡು, ಅದರ ಮೇಲಿನ ಗೆರೆ, ಅರ್ಧ ಬಿಡಿಸಿದ ಮುಖ, ಕೊನೆಯ ಹೊಳಪು ಎಂದು ನಾಲ್ಕು ಹಂತದ ಚಿತ್ರ ಬೇಕು. ಯಾವ ಮರ, ಎಷ್ಟು ಎತ್ತರ, ಎಷ್ಟು ದಿನದ ಕೆಲಸ, ಒಂದೇ ಬಗೆಯ ಇಪ್ಪತ್ತು ಬೇಕೆಂದರೆ ಎಷ್ಟು ವಾರ ಬೇಕು ಎಂಬುದು ಸ್ಪಷ್ಟವಿರಬೇಕು. ಗಂಧವಾದರೆ ಅದನ್ನು ಎಲ್ಲಿಂದ ತಂದದ್ದು ಎಂಬ ರಸೀದಿಯನ್ನು ಖರೀದಿದಾರ ಕೇಳಿಯೇ ಕೇಳುತ್ತಾನೆ. ಕರಕುಶಲಕರ್ಮಿಗಳಿಗೆ ಕೇಂದ್ರ ಸರ್ಕಾರ ಕೊಡುವ ‘ಪೆಹಚಾನ್’ ಗುರುತಿನ ಚೀಟಿ ಇದ್ದರೆ ಅದನ್ನೂ ಹೇಳಿಕೊಳ್ಳಬಹುದು. ಉಳಿ ಹಿಡಿದ ಅಪ್ಪನಿಗೆ ಇದೆಲ್ಲ ಒಗ್ಗದಿದ್ದರೆ ಕಾಲೇಜು ಮುಗಿಸಿದ ಮಗಳು ಮಾಡಲಿ. ಬೇಲೂರಿನಲ್ಲೂ ತಂದೆ ಮಕ್ಕಳ ಹೆಸರು ಜೊತೆಯಲ್ಲೇ ಇವೆಯಲ್ಲ.

ದಾಸೋಜನ ಕಾಲಕ್ಕಿಂತ ಒಂದು ವಿಷಯದಲ್ಲಿ ನಾವು ಮುಂದಿದ್ದೇವೆ. ಬಿರುದನ್ನು ತಾನೇ ಹಾಕಿಕೊಳ್ಳುವ ಬದಲು ಇನ್ನೊಬ್ಬರಿಂದ ಬರೆಸಿಕೊಳ್ಳುವ ಅವಕಾಶ ಈಗಿದೆ. ಕೆಲಸ ಮಾಡಿಸಿಕೊಂಡವರು ಶಿಫಾರಸು ಬರೆದರೆ ಅದು ಅವರ ಹೆಸರಿನೊಡನೆ ಖಾತೆಯಲ್ಲಿ ಕಾಣುತ್ತದೆ. ‘ಒಳ್ಳೆಯ ಹುಡುಗ’ ಎಂಬ ಹೊಗಳಿಕೆ ವ್ಯರ್ಥ. ‘ಹೇಳಿದ ದಿನಕ್ಕೆ ಬಾಗಿಲಿನ ಕೆತ್ತನೆ ಮುಗಿಸಿದರು, ಒಪ್ಪಿದ್ದಕ್ಕಿಂತ ಹೆಚ್ಚು ಹಣ ಕೇಳಲಿಲ್ಲ’ ಎಂಬ ಒಂದು ವಾಕ್ಯ ಹೊಸ ಗಿರಾಕಿಯ ಅಳುಕನ್ನು ಕಳೆಯುತ್ತದೆ.

ಈ ತಾಣಗಳಲ್ಲಿ ಮೋಸವೂ ಇದೆ. ಸಂದರ್ಶನವಿಲ್ಲದೆ ನೇಮಕಾತಿ ಪತ್ರ ಕಳುಹಿಸಿ, ನೋಂದಣಿಗೆಂದೋ ತರಬೇತಿಗೆಂದೋ ಲ್ಯಾಪ್‌ಟಾಪಿನ ಠೇವಣಿಗೆಂದೋ ಹಣ ಕೇಳುವವರು ಕೆಲಸ ಕೊಡುವವರಲ್ಲ. ಕುಶಲಕರ್ಮಿಗಳನ್ನು ವಂಚಿಸುವ ರೀತಿ ಇನ್ನೊಂದು: ದೊಡ್ಡ ಆರ್ಡರು ಕೊಟ್ಟಂತೆ ಮಾಡಿ, ‘ಹಣ ಸ್ವೀಕರಿಸಲು’ ಎಂದು ಕ್ಯೂಆರ್ ಸಂಕೇತ ಕಳುಹಿಸುವುದು. ಹಣ ಪಡೆಯಲು ಯಾರೂ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಮೋಸ ಹೋದವರು ನಾಚಿಕೊಂಡು ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಇನ್ನು ಊರಿನ ಹೆಸರು. ಬೆಂಗಳೂರಿಗೆ ಬಂದ ಮರುದಿನವೇ ಖಾತೆಯಿಂದ ಸೊರಬ, ಶಿಕಾರಿಪುರಗಳನ್ನು ಅಳಿಸುವವರಿದ್ದಾರೆ. ನೌಕರಿ ಹುಡುಕುವವರು ನೆಲೆಯ ಜಾಗದಲ್ಲಿ ಬೆಂಗಳೂರು ಎಂದು ಹಾಕಿಕೊಳ್ಳುವುದರಲ್ಲಿ ಅರ್ಥವಿದೆ, ಹುಡುಕುವವರು ಆ ಹೆಸರಿನಿಂದಲೇ ಸೋಸುತ್ತಾರೆ. ಗುಡಿಗಾರನ ವಿಷಯದಲ್ಲಿ ಹಾಗಲ್ಲ. ಗಂಧದ ಕೆತ್ತನೆಯನ್ನು ಬಲ್ಲವನು ಹುಡುಕುವುದೇ ಸೊರಬವನ್ನು, ಸಾಗರವನ್ನು. ಕೆತ್ತಿದ ಪೆಟ್ಟಿಗೆಯನ್ನು ಕೈಗೆತ್ತಿಕೊಂಡವರು ಒಮ್ಮೆ ಅದರ ತಳವನ್ನು ತಿರುವಿ ನೋಡುತ್ತಾರೆ. ಅಲ್ಲಿ ಬಹುತೇಕ ಕಾಣುವುದು ಬೆಲೆಯ ಚೀಟಿ ಮಾತ್ರ.